ಎಳೆದರೂ ಬಾರದ ಪ್ಲಗ್: ಬೆಳಗಾವಿಯ ಒಂದು ಆಂಪ್ಲಿಫೈಯರ್ ಪ್ರಕರಣ

ಬೆಳಗಾವಿಯ ಟಿಳಕವಾಡಿಯಲ್ಲಿ ಒಂದು ಹೆಂಚಿನ ಮನೆ. ದೀಪಾವಳಿಗೆ ಮುಂಚೆ ಪಡಸಾಲೆಗೆ ಬಣ್ಣ ಹೊಡೆಸಲು ಕಪಾಟು ಸರಿಸಬೇಕಾಗಿತ್ತು. ಕಪಾಟಿನಲ್ಲಿದ್ದದ್ದು ಸುಮಾರು 35 ವರ್ಷ ಹಳೆಯ, ಚಾನೆಲ್ಲಿಗೆ 40 ವಾಟ್‌ನ ಸ್ಟೀರಿಯೊ ಆಂಪ್ಲಿಫೈಯರ್. ಅದಕ್ಕೆ ಸಿಡಿ ಪ್ಲೇಯರ್, ಕ್ಯಾಸೆಟ್ ಡೆಕ್, ಟಿವಿಯ ಸೆಟ್‌ಟಾಪ್ ಬಾಕ್ಸ್ ಮತ್ತು ಎರಡು ಸ್ಪೀಕರ್ ಜೋಡಿಸಿದ್ದರು. ಸೆಟ್‌ಟಾಪ್ ಬಾಕ್ಸಿನ ಪ್ಲಗ್‌ಗಳು ಸಲೀಸಾಗಿ ಬಂದವು. ಸಿಡಿಯ ಎರಡು, ಟೇಪಿನ ಎರಡು ಮಾತ್ರ ಜಪ್ಪಯ್ಯ ಎಂದರೂ ಅಲುಗಲಿಲ್ಲ. ಮನೆಯವರು ಪಕ್ಕಡ ಹಾಕಿ ಜಗ್ಗಿದಾಗ ಟೇಪಿನ ಬಲ ಚಾನೆಲ್ಲಿನ ಪ್ಲಗ್ ಹರಿದು, ಕೇಬಲ್ಲೂ ಪ್ಲಾಸ್ಟಿಕ್ ಮೈಯೂ ಕೈಗೆ ಬಂದವು. ಲೋಹದ ಹೊರಬಳೆ ಮತ್ತು ನಡುವಿನ ಪಿನ್ ಸಾಕೆಟ್ಟಿನಲ್ಲೇ ಉಳಿದವು. ಆಗ ರಿಪೇರಿಯವರನ್ನು ಕರೆಸಿದರು.

“ಎಷ್ಟ್ ಜಗ್ಗಿದ್ರೂ ಬರವಲ್ದ್ರೀ. ಇನ್ನೊಂದ್ ಸ್ವಲ್ಪ ಜೋರ್ ಹಾಕ್ಲೇನ್ರಿ?” ಎಂದು ಮನೆಯ ಹಿರಿಯರು ಕೇಳಿದರು.

“ಬ್ಯಾಡ್ರಿ ಕಾಕಾ. ಯಾಕ್ ಹಿಡಕೊಂಡೈತಿ ಅಂತ ಮೊದಲ ನೋಡೂಣು, ಆಮ್ಯಾಗ ಕೈ ಹಚ್ಚೂಣು.”

ಕೆಲಸ ಶುರುವಾಗಬೇಕಾದದ್ದು ಹೀಗೆಯೇ. ಪ್ಲಗ್ಗನ್ನು ಹಿಡಿದಿಟ್ಟ ಕಾರಣ ಒಂದೊಂದು ಕಡೆ ಒಂದೊಂದು. ಕಾರಣ ತಿಳಿಯದೆ ಹಾಕಿದ ಬಲ ಕೊನೆಗೆ ಹೋಗಿ ಬೀಳುವುದು ಸಾಕೆಟ್ಟಿನ ಹಿಂದಿರುವ ಬೆಸುಗೆಯ ಮೇಲೆ. ಹೊಸ ಕೇಬಲ್ಲು ನೂರಿನ್ನೂರು ರೂಪಾಯಿಗೆ ಯಾವ ಅಂಗಡಿಯಲ್ಲೂ ಸಿಗುತ್ತದೆ. ಹಳೆಯ ಆಂಪ್ಲಿಫೈಯರಿಗೆ ಅಳತೆ ಹೊಂದುವ ಸಾಕೆಟ್ ಸಾಲು ಹುಡುಕಿದರೂ ಸಿಗುವ ಭರವಸೆಯಿಲ್ಲ. ಹಾಗಾಗಿ ಇಂಥ ಕಡೆ ನಮ್ಮ ನಿಲುವು ಒಂದೇ: ಎರಡರಲ್ಲಿ ಒಂದು ಹಾಳಾಗಲೇಬೇಕೆಂದಿದ್ದರೆ ಅದು ಪ್ಲಗ್ ಆಗಿರಲಿ, ಸಾಕೆಟ್ ಉಳಿಯಲಿ.

ಹಿಂಬದಿಯಲ್ಲಿ ಕಂಡದ್ದು

ಟಾರ್ಚ್ ಹಿಡಿದು, ಮೊಬೈಲ್ ಕ್ಯಾಮೆರಾದಲ್ಲಿ ಹತ್ತಿರದ ಚಿತ್ರ ತೆಗೆದು ದೊಡ್ಡದು ಮಾಡಿ ನೋಡಿದಾಗ ಎರಡು ಬೇರೆ ಬೇರೆ ಸಮಸ್ಯೆಗಳು ಕಂಡವು. ಸಿಡಿ ಪ್ಲೇಯರಿನ ಕೇಬಲ್ಲಿಗೆ ಇದ್ದದ್ದು ದಪ್ಪನೆಯ, ಚಿನ್ನದ ಲೇಪದ ಲೋಹದ ಪ್ಲಗ್. ಅದರ ಮೈ ಒಂದೇ ತುಂಡಲ್ಲ, ಮುಂದೊಂದು ಕಿರಿದಾದ ಬಳೆ, ಹಿಂದೆ ಉದ್ದನೆಯ ತೋಳು, ನಡುವೆ ಕೂದಲೆಳೆಯಷ್ಟು ಸಂದು. ಅಂದರೆ ಇದು ಬೀಗದ ಪ್ಲಗ್. ತೋಳನ್ನು ಬಲಕ್ಕೆ ತಿರುಗಿಸಿದಂತೆ ಒಳಗಿನ ಸೀಳುಬಳೆ ಕಿರಿದಾಗಿ ಸಾಕೆಟ್ಟಿನ ಕೊರಳನ್ನು ಬಿಗಿಯುತ್ತದೆ. ಇಂಥದನ್ನು ಎಳೆದು ತೆಗೆಯಲು ಹೋಗುವುದು ಚಿಲಕ ಹಾಕಿದ ಬಾಗಿಲನ್ನು ಎಳೆದಂತೆ. ಟೇಪಿನ ಕೇಬಲ್ಲು ಹಳೆಯ ಮಾದರಿಯದು: ಅಚ್ಚು ಹಾಕಿದ ಪಿವಿಸಿ ಮೈ, ನಿಕ್ಕಲ್ ಲೇಪದ ಹಿತ್ತಾಳೆಯ ಬಳೆ. ಉಳಿದಿದ್ದ ಎಡಗಡೆಯ ಪ್ಲಗ್ಗಿನ ಬುಡದಲ್ಲಿ ಹಸಿರು ಕಿಲುಬು ಸುತ್ತುಗಟ್ಟಿತ್ತು, ಪಿವಿಸಿ ಮುಟ್ಟಿದರೆ ಅಂಟಂಟು.

ಈ ಕಿಲುಬಿಗೆ ಕಾರಣ ಹುಡುಕಲು ದೂರ ಹೋಗಬೇಕಾಗಿಲ್ಲ. ಬೆಳಗಾವಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯಲ್ಲಿ ತೇವ ಆರುವುದೇ ಇಲ್ಲ. ಮಳೆ ಬೀಸಿ ಹೊಡೆಯುವುದು ನೈರುತ್ಯದ ಕಡೆಯಿಂದ. ಕಪಾಟು ಒತ್ತಿ ನಿಂತದ್ದು ಪಡುವಣ ಗೋಡೆಗೆ, ನಡುವೆ ಬೆರಳು ತೂರುವಷ್ಟೂ ಜಾಗವಿಲ್ಲ. ನಿಕ್ಕಲ್ ಲೇಪ ತೆಳುವಾದಲ್ಲಿ, ಸೂಕ್ಷ್ಮ ರಂಧ್ರವಿದ್ದಲ್ಲಿ ತೇವ ಹಿತ್ತಾಳೆಗೆ ತಲುಪುತ್ತದೆ. ತಾಮ್ರದ ಅಂಶ ಹಸಿರು ಲವಣವಾಗಿ ಹೊರಗೆ ಬಂದು ಪ್ಲಗ್ಗಿಗೂ ಸಾಕೆಟ್ಟಿಗೂ ನಡುವಿನ ಸಂದನ್ನು ತುಂಬುತ್ತದೆ. ಪಿವಿಸಿಯನ್ನು ಮೆತ್ತಗಾಗಿಸಲು ಬೆರೆಸಿರುವ ಎಣ್ಣೆಯಂಥ ದ್ರವವೂ ವರ್ಷಗಳು ಕಳೆದಂತೆ ಜಿನುಗಿ ಅದರೊಂದಿಗೆ ಸೇರಿ ಗೋಂದಿನಂತಾಗುತ್ತದೆ. ಟೇಪ್ ಪ್ಲಗ್‌ಗಳನ್ನು ಹಿಡಿದಿದ್ದದ್ದು ಇದೇ. ಬೀಗದ ಪ್ಲಗ್‌ಗಳಲ್ಲಿ ಚಿನ್ನದ ಲೇಪ ನಿಕ್ಕಲ್ ಸಾಕೆಟ್ಟಿನ ಮೇಲೆ ಕೂತಿತ್ತು. ತೇವವಿದ್ದಲ್ಲಿ ಎರಡು ಬೇರೆ ಲೋಹ ಒತ್ತಿಕೊಂಡಿದ್ದರೆ ಕೀಳು ಲೋಹ ಬೇಗ ಸವೆಯುತ್ತದೆ, ಸವೆದ ಪುಡಿ ಸೀಳುಬಳೆಯ ಮರೆಗೂ ಸೇರುತ್ತದೆ.

ಎಲ್ಲರ ಮನೆಯಲ್ಲೂ ಕಾಣುವ ಈ ಆರ್‌ಸಿಎ ಕನೆಕ್ಟರ್ 1930ರ ದಶಕದಲ್ಲಿ ಅಮೆರಿಕದ ರೇಡಿಯೋ ಕಾರ್ಪೊರೇಷನ್ ಕಂಪನಿಯಿಂದ ಬಂದದ್ದು. ರೇಡಿಯೋ ಪೆಟ್ಟಿಗೆಯೊಳಗೆ ಗ್ರಾಮಫೋನನ್ನು ಜೋಡಿಸಲು ಮಾಡಿದ ಅಗ್ಗದ, ಬೀಗವಿಲ್ಲದ ಜೋಡಣೆ ಅದು. ನಡುವಿನ ಪಿನ್ನಿನ ದಪ್ಪ ಸುಮಾರು 3.2 ಮಿಲಿಮೀಟರ್, ಸಾಕೆಟ್ಟಿನ ಕೊರಳಿನ ಹೊರ ಅಗಲ ಎಂಟು ಮಿಲಿಮೀಟರಿಗೆ ತುಸು ಹೆಚ್ಚು. ಹೊರಬಳೆಯ ಸ್ಪ್ರಿಂಗ್ ಹಿಡಿತವೇ ಇಡೀ ಜೋಡಣೆಯ ಆಧಾರ. ಹಿಡಿತ ಸಾಲದೆಂದು ಕೆಲವು ತಯಾರಕರು ಬಳೆಯನ್ನು ಅತಿ ಬಿಗಿ ಮಾಡಿದರು, ನಡುವಿನ ಪಿನ್ನನ್ನು ಸೀಳಿ ಹರಡಿದರು, ಮೇಲೆ ಬೀಗವನ್ನೂ ಸೇರಿಸಿದರು. ಅಂಥ ಬಿಗಿ ಪ್ಲಗ್ಗನ್ನು ಹಗುರ ಸಾಕೆಟ್ಟಿಗೆ ಹಾಕಿದರೆ, ತೆಗೆಯುವಾಗ ಸಾಕೆಟ್ಟಿನ ನಡುವಿನ ಕೊಳವೆಯೇ ಕಿತ್ತು ಬರುವುದುಂಟು. ಸಾಧಾರಣ ಉಪಕರಣಕ್ಕೆ ಸಾಧಾರಣ ಪ್ಲಗ್ಗೇ ಸರಿ ಎಂದು ನಾವು ಒತ್ತಿ ಹೇಳುವುದು ಇದಕ್ಕೇ.

ಮುಟ್ಟುವ ಮುಂಚೆ

ಆಂಪ್ಲಿಫೈಯರಿನ ಸ್ವಿಚ್ ಆರಿಸಿದರೆ ಸಾಲದು, ಅದಕ್ಕೆ ಜೋಡಿಸಿದ ಎಲ್ಲದರ ಪ್ಲಗ್ಗನ್ನೂ ಗೋಡೆಯಿಂದ ಕಿತ್ತಿಡಬೇಕು. ಎರಡು ಪಿನ್ನಿನ ಪ್ಲಗ್ಗಿನ ಸೆಟ್‌ಟಾಪ್ ಬಾಕ್ಸು, ಟಿವಿಗಳ ಪವರ್ ಸಪ್ಲೈಯಲ್ಲಿ ಗದ್ದಲ ತಡೆಯುವ ಸಣ್ಣ ಕೆಪಾಸಿಟರ್ (ವಿದ್ಯುತ್ತನ್ನು ಕೂಡಿಟ್ಟುಕೊಳ್ಳುವ ಬಿಡಿಭಾಗ) ಇರುತ್ತದೆ. ಅದರ ಮೂಲಕ ಅತಿ ಸಣ್ಣ ಕರೆಂಟು ಹೊರಬಳೆಗೆ ಬರುತ್ತದೆ. ಅರ್ತಿಂಗ್ ಸರಿಯಿಲ್ಲದ ಮನೆಯಲ್ಲಿ ಆ ಬಳೆಯಿಂದ ಭೂಮಿಗೆ ಮೀಟರ್ ಹಿಡಿದರೆ ನೂರು ವೋಲ್ಟಿನ ಆಸುಪಾಸು ತೋರಿಸುವುದು ಮಾಮೂಲು. ಜೀವಕ್ಕೆ ಅಪಾಯವಾಗುವಷ್ಟು ಕರೆಂಟು ಅಲ್ಲ, ಆದರೆ ಜುಮ್ಮೆಂದಾಗ ಕೈ ಥಟ್ಟನೆ ಹಿಂದೆ ಬರುತ್ತದೆ, ಕೈಯಲ್ಲಿದ್ದ ಪಕ್ಕಡವೂ ಜೊತೆಗೆ. ಟಿವಿ ಕೇಬಲ್ಲಿನ ತಿರುಪಿನ ಕನೆಕ್ಟರನ್ನೂ 11 ಮಿಲಿಮೀಟರ್ ಸ್ಪ್ಯಾನರಿನಿಂದ ಬಿಚ್ಚಿಬಿಡಿ. ಬೀದಿಯಿಂದ ಬರುವ ಆ ತಂತಿಯ ಹೊರಜಾಲಿಯಲ್ಲೂ ಸೋರಿಕೆ ಇರಬಹುದು.

ಆನ್ ಇರುವಾಗ ಆರ್‌ಸಿಎ ಪ್ಲಗ್ ತೆಗೆಯಬಾರದು ಎನ್ನಲು ಇನ್ನೊಂದು ಕಾರಣವಿದೆ. ತೆಗೆಯುವಾಗ ಹೊರಬಳೆ ಮೊದಲು ಬಿಡುತ್ತದೆ, ನಡುವಿನ ಪಿನ್ ಇನ್ನೂ ತಾಗಿಕೊಂಡೇ ಇರುತ್ತದೆ. ಗ್ರೌಂಡ್, ಅಂದರೆ ಹೊರಬಳೆಯ ಮೂಲಕ ಸಿಗುವ ಹಿಂತಿರುಗು ದಾರಿ, ಇಲ್ಲದ ಆ ಕ್ಷಣದಲ್ಲಿ 50 ಹರ್ಟ್ಸ್‌ನ ಗುಂಯ್‌ಗುಡುವಿಕೆ ಪೂರ್ತಿ ಶಕ್ತಿಯಲ್ಲಿ ಸ್ಪೀಕರಿಗೆ ನುಗ್ಗುತ್ತದೆ. ಅಂಟಿಕೊಂಡ ಪ್ಲಗ್ಗಿನೊಂದಿಗೆ ಗುದ್ದಾಡುವಾಗ ಆ ಕ್ಷಣ ನಿಮಿಷಗಟ್ಟಲೆ ಆಗಬಹುದು.

ತಂತಿ ಬಿಚ್ಚುವ ಮುಂಚೆ ಹಿಂಬದಿಯ ಚಿತ್ರ ತೆಗೆದು, ಪ್ರತಿ ಕೇಬಲ್ಲಿಗೂ ಕಾಗದದ ಟೇಪು ಸುತ್ತಿ ಹೆಸರು ಬರೆದದ್ದಾಯಿತು. ನಂತರ ಆಂಪ್ಲಿಫೈಯರನ್ನು ದಪ್ಪ ಜಮಖಾನದ ಮೇಲೆ ಇಟ್ಟು ಮೇಲ್ಮುಚ್ಚಳ ಬಿಚ್ಚಿದರು. ಪ್ಲಗ್ ತೆಗೆಯಲು ಮುಚ್ಚಳ ಯಾಕೆ ಬಿಚ್ಚಬೇಕು ಎಂದು ಕೇಳುವವರಿದ್ದಾರೆ. ಹೊರಗೆ ಬಲ ಹಾಕುವಾಗ ಒಳಗೆ ಏನು ಅಲುಗುತ್ತಿದೆ ಎಂಬುದನ್ನು ನೋಡಲು ಬೇರೆ ದಾರಿಯಿಲ್ಲ.

ಮುಚ್ಚಳ ತೆಗೆದ ಮೇಲೆ ಮೊದಲ ಕೆಲಸ ದೊಡ್ಡ ಕೆಪಾಸಿಟರ್‌ಗಳನ್ನು ಬರಿದು ಮಾಡುವುದು. ಇದರಲ್ಲಿ 10,000 ಮೈಕ್ರೊಫ್ಯಾರಡ್‌ನ ಎರಡು ಇದ್ದವು, ಸಪ್ಲೈ ಪ್ಲಸ್ ಮತ್ತು ಮೈನಸ್ 35 ವೋಲ್ಟ್. ತುಂಬಿದಾಗ ಒಂದೊಂದರಲ್ಲೂ ಸುಮಾರು 6 ಜೂಲ್ ಶಕ್ತಿ. ಸ್ಕ್ರೂ ಡ್ರೈವರ್ ಅಡ್ಡ ಹಿಡಿದು ಚಟ್ ಎನ್ನಿಸುವ ರೂಢಿ ಕೆಟ್ಟದ್ದು, ಕಿಡಿಗೆ ತುದಿ ಕರಗುತ್ತದೆ, ಕೆಪಾಸಿಟರಿನ ಒಳಜೋಡಣೆಗೂ ಪೆಟ್ಟು. 100 ಓಮ್, 10 ವಾಟ್‌ನ ರೆಸಿಸ್ಟರಿಗೆ ಎರಡು ಕಡೆ ಇನ್ಸುಲೇಷನ್ ಇರುವ ಕ್ಲಿಪ್ ತಂತಿ ಹಾಕಿ ಪ್ರತಿ ಕೆಪಾಸಿಟರಿಗೂ ಐದಾರು ಸೆಕೆಂಡು ಹಿಡಿದರೆ ವೋಲ್ಟೇಜು ನೆಲ ಮುಟ್ಟುತ್ತದೆ. ಮೀಟರಿನಲ್ಲಿ 1 ವೋಲ್ಟಿಗಿಂತ ಕೆಳಗೆ ಬಂದದ್ದನ್ನು ನೋಡಿಯೇ ಒಳಗೆ ಕೈ ಹಾಕಬೇಕು. ವಾಲ್ವ್ ಆಂಪ್ಲಿಫೈಯರ್ ಆಗಿದ್ದರೆ ಅಲ್ಲಿ 300 ವೋಲ್ಟಿಗೂ ಮೇಲೆ ಇರುತ್ತದೆ. ಅದನ್ನು ಮನೆಯಲ್ಲಿ ತೆರೆಯಬೇಡಿ, ಬಲ್ಲವರ ಕೈಗೆ ಕೊಡಿ.

ಒಳಗಿನ ಕಟ್ಟೋಣ ಹೀಗಿತ್ತು: ಎಂಟು ಸಾಕೆಟ್‌ಗಳ ಒಂದು ಸಾಲು, ಅದರ ಹಿಂದೆ ಲಂಬವಾಗಿ ನಿಂತ ಕಂದು ಬಣ್ಣದ ಸಣ್ಣ ಬೋರ್ಡು. ಸಾಲನ್ನು ಹಿಂಬದಿಯ ತಗಡಿಗೆ ಹಿಡಿದಿದ್ದದ್ದು ಎರಡು 3 ಮಿಲಿಮೀಟರ್ ಸ್ಕ್ರೂ. ಕಂದು ಬೋರ್ಡು ಎಂದರೆ ಕಾಗದ ಮತ್ತು ಫಿನಾಲಿಕ್ ರಾಳದ್ದು. ಅದರ ಮೇಲಿನ ತಾಮ್ರದ ಹಾಳೆ ಸಾಮಾನ್ಯವಾಗಿ 35 ಮೈಕ್ರಾನ್ ದಪ್ಪ, ಅಂಟಿನ ಬಲದಿಂದ ನಿಂತಿರುತ್ತದೆ. ಪ್ಲಗ್ಗನ್ನು ನೇರವಾಗಿ ಎಳೆದರೆ ಸಾಕೆಟ್ಟಿನ ಪ್ಲಾಸ್ಟಿಕ್ ಮೈ ತಗಡಿಗೆ ಒಳಗಿನಿಂದ ಆತುಕೊಂಡು ಹೆಚ್ಚಿನ ಭಾರ ತಗಡಿಗೆ ಹೋಗುತ್ತದೆ. ಎಡಬಲಕ್ಕೆ ಅಲುಗಾಡಿಸಿದರೆ ಅದೇ ಭಾರ ಬೋರ್ಡನ್ನು ಬಾಗಿಸಿ, ಬೆಸುಗೆಯ ಸುತ್ತ ಬಿರುಕು ಮೂಡಿಸಿ, ತಾಮ್ರವನ್ನು ಎಬ್ಬಿಸುತ್ತದೆ. “ಅತ್ತಿತ್ತ ಆಡಿಸಿ ತೆಗೀರಿ” ಎಂದು ಎಲ್ಲರೂ ಕೊಡುವ ಸಲಹೆಯನ್ನು ನಾವು ಬಿಡಿಸಲು ನೋಡುವುದು ಈ ಕಾರಣದಿಂದ. ಮನೆಯವರು ಜಗ್ಗಿದ ಟೇಪಿನ ಬಲ ಸಾಕೆಟ್ಟಿನ ಗ್ರೌಂಡ್ ಬೆಸುಗೆಯಲ್ಲಿ ಉಂಗುರದಂಥ ಸಣ್ಣ ಬಿರುಕು ಆಗಲೇ ಕಾಣುತ್ತಿತ್ತು. ತಾಮ್ರ ಎದ್ದಿರಲಿಲ್ಲ, ಅದೊಂದು ಪುಣ್ಯ.

ಬೀಗದ ಎರಡು ಪ್ಲಗ್

ಎಡಗಡೆಯದು ಸುಲಭವಾಗಿ ಆಯಿತು. ಮುಂದಿನ ಕಿರುಬಳೆಯನ್ನು ಒಂದು ಕೈಯ ಬೆರಳಲ್ಲಿ ಹಿಡಿದು, ಕೇಬಲ್ಲಿನ ಕಡೆಯಿಂದ ನೋಡಿದಂತೆ ತೋಳನ್ನು ಎಡಕ್ಕೆ ಒಂದೂವರೆ ಸುತ್ತು ತಿರುಗಿಸಿದಾಗ ಹಿಡಿತ ಸಡಿಲಾಗಿ ಪ್ಲಗ್ ತಾನಾಗಿ ಬಂತು. ಬಲಗಡೆಯದರ ತೋಳಿನ ತಿರುಪಿನೊಳಗೆ ಕಿಲುಬು ಸೇರಿತ್ತು. ತೋಳು ತಿರುಗಿಸಿದರೆ ಇಡೀ ಪ್ಲಗ್ಗೇ ತಿರುಗುತ್ತಿತ್ತು. ಇಲ್ಲಿ ನಿಲ್ಲಿಸಬೇಕು. ಪ್ಲಗ್ಗಿನೊಂದಿಗೆ ಸಾಕೆಟ್ಟಿನ ಕೊರಳೂ ತಿರುಗಿದರೆ ಅದರ ಗ್ರೌಂಡ್ ಕಾಲು ತಿರುಚಿ ಮುರಿಯುತ್ತದೆ.

ಆಂಪ್ಲಿಫೈಯರನ್ನು ಮುಂಬದಿ ಕೆಳಗಾಗಿ ನಿಲ್ಲಿಸಿ (ಗುಂಡಿಗಳಿಗೆ ಭಾರ ಬೀಳದಂತೆ ಎರಡು ಬದಿ ದಿಂಬು ಕೊಟ್ಟು), ಹಿಂಬದಿ ಆಕಾಶ ನೋಡುವಂತೆ ಮಾಡಿದರು. ತೋಳು ಮತ್ತು ಬಳೆಯ ಸಂದಿಗೆ ಇನ್ಸುಲಿನ್ ಸಿರಿಂಜಿನಿಂದ ಕಾಂಟ್ಯಾಕ್ಟ್ ಕ್ಲೀನರ್ (ವಿದ್ಯುತ್ ಜೋಡಣೆಗಳನ್ನು ಸ್ವಚ್ಛ ಮಾಡುವ ದ್ರವ) ಎರಡೇ ಹನಿ, ಅಂದರೆ ಸಿರಿಂಜಿನ ಗೆರೆಯಲ್ಲಿ 0.1 ಮಿಲಿಲೀಟರಿಗೂ ಕಡಿಮೆ. ಡಬ್ಬಿಯಿಂದ ನೇರ ಸಿಂಪಡಿಸಿದರೆ ಹೆಚ್ಚಿನದು ಸಾಕೆಟ್ಟಿನ ಮೂಲಕ ಒಳಗಿಳಿದು ಸೆಲೆಕ್ಟರ್ ಸ್ವಿಚ್ಚಿನ ಗ್ರೀಸನ್ನು ತೊಳೆದುಹಾಕುತ್ತದೆ. ಅರ್ಧ ಗಂಟೆ ಬಿಟ್ಟು ಇನ್ನೆರಡು ಹನಿ. ಆಮೇಲೆ ಸೈಕಲ್ ಟ್ಯೂಬಿನ ಎರಡು ತುಂಡು ಕತ್ತರಿಸಿ, ಒಂದನ್ನು ಬಳೆಗೆ, ಒಂದನ್ನು ತೋಳಿಗೆ ಸುತ್ತಿ, ಬಳೆಯನ್ನು ಪಕ್ಕಡದಲ್ಲಿ ಮೆಲ್ಲಗೆ ಹಿಡಿದು ತೋಳನ್ನು ಕೈಯಲ್ಲೇ ತಿರುಗಿಸಿದಾಗ ಬಿಟ್ಟುಕೊಂಡಿತು. ಬಳೆಯ ಮೇಲೆ ಪಕ್ಕಡದ ಒತ್ತಡ ಜಾಸ್ತಿಯಾದರೆ ಸೀಳುಬಳೆ ಇನ್ನಷ್ಟು ಮುಚ್ಚಿಕೊಳ್ಳುತ್ತದೆ. ಜಾರದಷ್ಟು ಹಿಡಿದರೆ ಸಾಕು.

ಕಿಲುಬು ಹಿಡಿದ ಪ್ಲಗ್

ಟೇಪಿನ ಎಡ ಪ್ಲಗ್ಗಿಗೆ ಕಾಲಾವಕಾಶ ಬೇಕಾಯಿತು. ಸುತ್ತಲಿನ ಹಸಿರು ಹುಡಿಯನ್ನು ಮೊದಲು ಹಲ್ಲುಕಡ್ಡಿಯಿಂದ ಕೆರೆದು, ಮೆತ್ತನೆಯ ಬ್ರಷ್ಷಿನಿಂದ ಒಣಗಿರುವಾಗಲೇ ಗುಡಿಸಿದರು. ದ್ರವ ಹಾಕಿ ಆಮೇಲೆ ಗುಡಿಸಿದರೆ ಹುಡಿ ಕೆಸರಾಗಿ ಒಳಗೇ ಇಳಿಯುತ್ತದೆ. ಆಮೇಲೆ ಶೇಕಡಾ 99ರ ಐಸೊಪ್ರೊಪೈಲ್ ಆಲ್ಕೊಹಾಲ್ ಒಂದು ಹನಿ, ಪಿವಿಸಿಯ ಅಂಟು ಸಡಿಲಾಗಲು. ಅದು ಆರಿದ ಮೇಲೆ ಕಾಂಟ್ಯಾಕ್ಟ್ ಕ್ಲೀನರ್ ಎರಡು ಹನಿ, ಅರ್ಧ ಗಂಟೆ ಬಿಡುವು, ಮತ್ತೆ ಎರಡು ಹನಿ. ಆಲ್ಕೊಹಾಲ್ ಬೇಗ ಹೊತ್ತಿಕೊಳ್ಳುವ ವಸ್ತು. ಕಿಟಕಿ ತೆರೆದಿರಲಿ, ಹತ್ತಿರದಲ್ಲಿ ದೀಪ, ಊದುಬತ್ತಿ, ಕಾದ ಸೋಲ್ಡರಿಂಗ್ ಐರನ್ ಯಾವುದೂ ಬೇಡ.

ಬಿಸಿ ಮಾಡಿದರೆ ಬರುತ್ತದೆ ಎಂಬ ನಂಬಿಕೆ ಬಹಳ ಜನರಲ್ಲಿದೆ. ಲೆಕ್ಕ ಹಾಕಿ ನೋಡಿ. ಎಂಟು ಮಿಲಿಮೀಟರ್ ಅಗಲದ ಹಿತ್ತಾಳೆಯನ್ನು 40 ಡಿಗ್ರಿ ಹೆಚ್ಚು ಬಿಸಿ ಮಾಡಿದರೆ ಅದು ಹಿಗ್ಗುವುದು ಸುಮಾರು 6 ಮೈಕ್ರಾನ್. ಪ್ಲಗ್ಗೂ ಹಿತ್ತಾಳೆ, ಸಾಕೆಟ್ಟೂ ಹಿತ್ತಾಳೆ. ಎರಡೂ ಒಟ್ಟಿಗೆ ಹಿಗ್ಗಿದರೆ ಸಂದು ತೆರೆಯುವುದಿಲ್ಲ. ಬಿಸಿಯಿಂದ ಆಗುವ ಉಪಕಾರ ಒಂದೇ, ಪಿವಿಸಿಯಿಂದ ಜಿನುಗಿದ ಅಂಟು ಮೆತ್ತಗಾಗುತ್ತದೆ. ಅದಕ್ಕೆ ಕೂದಲು ಒಣಗಿಸುವ ಡ್ರೈಯರ್ ಒಂದು ಗೇಣು ದೂರದಿಂದ ಒಂದೆರಡು ನಿಮಿಷ ಹಿಡಿದರೆ ಸಾಕು, ಕೈ ಮುಟ್ಟಿ ತಡೆಯುವಷ್ಟು ಬಿಸಿ ಇರಲಿ. ಅದೂ ದ್ರವ ಪೂರ್ತಿ ಆರಿದ ಮೇಲೆ. ಹೀಟ್ ಗನ್ನಿನಿಂದ ಸಾಕೆಟ್ಟಿನ ಪ್ಲಾಸ್ಟಿಕ್ ಕರಗಿ ನಡುವಿನ ಕೊಳವೆ ವಾಲಿದರೆ ಮುಂದೆ ಯಾವ ಪ್ಲಗ್ಗೂ ನೆಟ್ಟಗೆ ಕೂರದು.

ಬಿಡಿಸುವ ಚಲನೆ ಹೀಗಿರಬೇಕು. ಪ್ಲಗ್ಗಿನ ಮೈಯನ್ನು, ಕೇಬಲ್ಲನ್ನಲ್ಲ, ರಬ್ಬರ್ ಸುತ್ತಿದ ಬೆರಳಲ್ಲಿ ಹಿಡಿದು ಅಕ್ಷದ ಸುತ್ತ ಹತ್ತು ಡಿಗ್ರಿಯಷ್ಟು ಅತ್ತ, ಹತ್ತು ಡಿಗ್ರಿ ಇತ್ತ ತಿರುಗಿಸಬೇಕು. ಬಳೆಯ ಸುತ್ತಲಿನ ಕಿಲುಬಿನ ಪದರ ಮುರಿಯುವುದು ಈ ತಿರುಗಿನಿಂದ. ಇನ್ನೊಬ್ಬರು ಒಳಗೆ ಟಾರ್ಚ್ ಹಿಡಿದು ಸಾಕೆಟ್ ಕದಲುತ್ತದೆಯೇ ಎಂದು ನೋಡುತ್ತಿರಬೇಕು, ಕದಲಿದರೆ ಅಲ್ಲಿಗೇ ನಿಲ್ಲಿಸಿ ಮತ್ತೆ ದ್ರವ ಮತ್ತು ಕಾಯುವಿಕೆ. ಕರ್ ಎಂಬ ಸಣ್ಣ ಸದ್ದಿನೊಂದಿಗೆ ಪ್ಲಗ್ ತಿರುಗಲು ತೊಡಗಿದರೆ ಹಿಡಿತ ಬಿಟ್ಟಿದೆ ಎಂದರ್ಥ. ಆಗ ತಿರುಗಿಸುತ್ತಲೇ ನೇರವಾಗಿ ಹಿಂದಕ್ಕೆ. ಈ ಪ್ಲಗ್ ಎರಡನೆಯ ಸುತ್ತಿನ ದ್ರವದ ನಂತರ ಹೀಗೆಯೇ ಬಂತು.

ಇಂಥ ಕಡೆ ಮನೆಮದ್ದುಗಳು ಬಹಳ ಹಾನಿ ಮಾಡುತ್ತವೆ. ತಾಮ್ರದ ಕೊಡ ಬೆಳಗಲು ಹುಣಸೆಹಣ್ಣು ಎಷ್ಟು ಒಳ್ಳೆಯದೋ ಸಾಕೆಟ್ಟಿಗೆ ಅಷ್ಟೇ ಕೆಟ್ಟದ್ದು. ಕೊಡವನ್ನು ನೀರಲ್ಲಿ ತೊಳೆಯುತ್ತೀರಿ, ಸಾಕೆಟ್ಟನ್ನು ತೊಳೆಯಲಾಗದು. ಹುಳಿ ಸಂದಿಯಲ್ಲೇ ಉಳಿದು ಮುಂದಿನ ಮಳೆಗಾಲದಲ್ಲಿ ದುಪ್ಪಟ್ಟು ಕಿಲುಬು ಎಬ್ಬಿಸುತ್ತದೆ. ನಿಂಬೆರಸ, ವಿನೆಗರ್‌ಗೂ ಇದೇ ಮಾತು. ಕೊಬ್ಬರಿ ಎಣ್ಣೆ ಕ್ರಮೇಣ ಜಿಡ್ಡುಗಟ್ಟಿ ಧೂಳು ಹಿಡಿಯುತ್ತದೆ. ಥಿನ್ನರ್ ಮತ್ತು ಅಸಿಟೋನ್ ಪ್ಲಾಸ್ಟಿಕ್ಕನ್ನೇ ಕರಗಿಸುತ್ತವೆ. ತುಕ್ಕು ಬಿಡಿಸಲು ಗ್ಯಾರೇಜಿನಲ್ಲಿ ಬಳಸುವ ಸ್ಪ್ರೇ ಎಣ್ಣೆಯ ಪದರ ಬಿಟ್ಟುಹೋಗುತ್ತದೆ, ಕೆಲವು ಪ್ಲಾಸ್ಟಿಕ್‌ಗಳನ್ನು ಸೀಳಿಸುತ್ತದೆ. ಡಬ್ಬಿಯ ಮೇಲೆ ಎಲೆಕ್ಟ್ರಾನಿಕ್ ಅಥವಾ ಎಲೆಕ್ಟ್ರಿಕಲ್ ಕಾಂಟ್ಯಾಕ್ಟಿಗೆ ಎಂದೂ, ಪ್ಲಾಸ್ಟಿಕ್ಕಿಗೆ ಹಾನಿಯಿಲ್ಲ ಎಂದೂ ಬರೆದಿದೆಯೇ ನೋಡಿಕೊಂಡು ತರಬೇಕು.

ಹರಿದುಹೋದ ಪ್ಲಗ್ಗಿನ ಅವಶೇಷ

ಈ ಪ್ರಕರಣದ ಕಷ್ಟದ ಭಾಗ ಟೇಪಿನ ಬಲ ಸಾಕೆಟ್ಟು. ಕೊರಳಿನ ಮೇಲೆ ಹೊರಬಳೆ ಕೂತಿದೆ, ಒಳಗೆ ಪಿನ್ ಸಾಕೆಟ್ಟಿನ ಬಾಯಿಗೆ ಸಮವಾಗಿ ಮುರಿದಿದೆ, ಬೆರಳಿಗೆ ಸಿಗಲು ಏನೂ ಇಲ್ಲ.

ಮೊದಲು ಬಳೆ. ಇಂಥ ಅಗ್ಗದ ಪ್ಲಗ್ಗಿನ ಬಳೆ ತೆಳು ತಗಡಿನದು, ನಾಲ್ಕು ಕಡೆ ಸೀಳಿರುತ್ತದೆ. ದ್ರವದ ಉಪಚಾರ ಮುಗಿದ ಮೇಲೆ ಚೂಪು ಮೂತಿಯ ಕಟ್ಟರಿನ ಒಂದು ತುದಿಯನ್ನು ಸೀಳಿನೊಳಗೆ ಸೇರಿಸಿ, ದಳವನ್ನು ಹೊರಕ್ಕೆ ಬಗ್ಗಿಸಿ, ಮೂಗಿನ ಪಕ್ಕಡದಲ್ಲಿ ಹಿಡಿದು ಸುರುಳಿಯಂತೆ ಸುತ್ತುತ್ತಾ ಬಿಚ್ಚಬೇಕು. ಬಗ್ಗಿಸುವುದು ಯಾವಾಗಲೂ ಹೊರಕ್ಕೆ. ಒಳಕ್ಕೆ ಒತ್ತಿದರೆ ಸಾಕೆಟ್ಟಿನ ಕೊರಳು ಚಪ್ಪಟೆಯಾಗಿ ಗುಂಡು ಆಕಾರ ಕೆಡುತ್ತದೆ. ಎರಡು ದಳ ಎದ್ದ ಮೇಲೆ ಬಳೆಯ ಬಿಗಿ ಹೋಗಿ ಉಳಿದದ್ದು ಕಳಚಿಕೊಂಡಿತು. ಕತ್ತರಿಸಿದ ಚೂರುಗಳು ಒಳಗೆ ಬೀಳದಂತೆ ಪಕ್ಕದ ಸಾಕೆಟ್‌ಗಳಿಗೂ ತಗಡಿನ ಸಂದುಗಳಿಗೂ ಮೊದಲೇ ಕಾಗದದ ಟೇಪು ಅಂಟಿಸಿದ್ದರು.

ಇನ್ನು ಪಿನ್. ಅಚ್ಚಿನ ಪ್ಲಗ್ಗಿನ ಪಿನ್ ಬಹುಮಟ್ಟಿಗೆ ಟೊಳ್ಳು, ತಗಡನ್ನು ಸುರುಳಿ ಮಾಡಿ ಕೊಳವೆಯಾಗಿಸಿದ್ದು. ಮುರಿದ ಬಾಯಿಯಲ್ಲಿ ರಂಧ್ರ ಕಂಡರೆ ಅದೃಷ್ಟ. ಅದಕ್ಕಿಂತ ಕೂದಲಷ್ಟು ದಪ್ಪನೆಯ, ಮೊನೆಯಿರುವ ಸಣ್ಣ ಸ್ಕ್ರೂ ಒಂದನ್ನು ಕೈಯಿಂದಲೇ ಒಂದು ಅಥವಾ ಎರಡು ಸುತ್ತು ಮಾತ್ರ ಕಚ್ಚಿಸಿ, ಸ್ಕ್ರೂವಿನ ತಲೆಯನ್ನು ಪಕ್ಕಡದಲ್ಲಿ ಹಿಡಿದು ನೇರ ಎಳೆಯಬೇಕು. ಮೂರನೆಯ ಸುತ್ತಿಗೆ ಆಸೆ ಪಟ್ಟರೆ ಪಿನ್ ಒಳಗಿನಿಂದ ಹಿಗ್ಗಿ ಸಾಕೆಟ್ಟಿನ ಸ್ಪ್ರಿಂಗನ್ನು ಕಾಯಂ ಹರಡಿಬಿಡುತ್ತದೆ, ಪಿನ್ ಬಂದರೂ ಸಾಕೆಟ್ ಕೆಟ್ಟಂತೆಯೇ. ಇಲ್ಲಿ ಎರಡು ಸುತ್ತಿನಲ್ಲಿ ಪಿನ್ ಈಚೆ ಬಂತು. ಒಳಗೆ ನೋಡುತ್ತಿದ್ದವರು ನಡುವಿನ ಕೊಳವೆಯ ಕಾಲು ಬೋರ್ಡಿನಿಂದ ಎದ್ದಿಲ್ಲವೆಂದು ಖಾತ್ರಿ ಮಾಡಿದ ಮೇಲೆಯೇ ಕೊನೆಯ ಎಳೆತ.

ಪಿನ್ ಗಟ್ಟಿ ಲೋಹದ್ದಾಗಿದ್ದರೆ ಸ್ಕ್ರೂ ಉಪಾಯ ನಡೆಯದು. ಆಗ ಸಾಕೆಟ್ ಸಾಲನ್ನು ಬಿಚ್ಚಿ, ಹಿಂಬದಿ ತೆರೆದಿರುವ ಮಾದರಿಯಾದರೆ ಹಿಂದಿನಿಂದ ತೆಳು ಕಡ್ಡಿಯಲ್ಲಿ ತಳ್ಳಬಹುದು. ಮುಚ್ಚಿದ ಮಾದರಿಯಾದರೆ ಸಾಕೆಟ್ ಬದಲಿಸುವುದೊಂದೇ ದಾರಿ. ಕಡ್ಡಿಯ ತುದಿಗೆ ಸೂಪರ್ ಗ್ಲೂ ಹಚ್ಚಿ ಪಿನ್ನಿಗೆ ಅಂಟಿಸಿ ಎಳೆಯುವ ವಿಧಾನವನ್ನು ವಿಡಿಯೋಗಳಲ್ಲಿ ತೋರಿಸುತ್ತಾರೆ. ಆ ಅಂಟು ನೀರಿನಂತೆ ಹರಿಯುವಂಥದು. ಪಿನ್ನಿಗೂ ಸಾಕೆಟ್ಟಿಗೂ ನಡುವೆ ಒಂದು ಹನಿ ಇಳಿದರೆ ಅಲ್ಲಿಯವರೆಗೆ ಉಳಿಸಬಹುದಾಗಿದ್ದ ಸಾಕೆಟ್ ಆ ಗಳಿಗೆಗೇ ಮುಗಿಯಿತು. ನಾವು ಅದನ್ನು ಯಾರಿಗೂ ಹೇಳುವುದಿಲ್ಲ.

ಬೆಸುಗೆ, ಸ್ವಚ್ಛತೆ, ಸ್ಪೀಕರ್ ತಂತಿ

ಬಿರುಕು ಬಿಟ್ಟ ಗ್ರೌಂಡ್ ಬೆಸುಗೆಗೆ ಮೇಲಿಂದ ಸೋಲ್ಡರ್ ಸವರಿದರೆ ಸಾಲದು. ಹಳೆಯ ಬೆಸುಗೆಯನ್ನು ಪಂಪಿನಿಂದ ಹೀರಿ ತೆಗೆದು, ಕಾಲನ್ನು ಕೆರೆದು, ಹೊಸ 60/40 ಸೋಲ್ಡರ್ ಹಾಕಿದರು. ಐರನ್ 350 ಡಿಗ್ರಿ, ಒಂದು ಕಾಲಿಗೆ ಮೂರ್ನಾಲ್ಕು ಸೆಕೆಂಡು. ಅದಕ್ಕಿಂತ ಹೆಚ್ಚು ಹೊತ್ತು ಹಿಡಿದರೆ ಕಂದು ಬೋರ್ಡಿನ ತಾಮ್ರ ಏಳುತ್ತದೆ. ಒಂದೇ ಸಲಕ್ಕೆ ಕರಗದಿದ್ದರೆ ತಣಿಯಲು ಬಿಟ್ಟು ಮತ್ತೆ ಹಿಡಿಯಬೇಕು. ಸಾಲಿನ ಎಂಟೂ ಸಾಕೆಟ್‌ಗಳ ಬೆಸುಗೆಯನ್ನು ಭೂತಗನ್ನಡಿಯಲ್ಲಿ ನೋಡಿದಾಗ ಸಿಡಿಯ ಬಲ ಸಾಕೆಟ್ಟಿನಲ್ಲೂ ಬಿರುಕಿನ ಆರಂಭ ಸಿಕ್ಕಿತು, ಅದನ್ನೂ ಹೀಗೆಯೇ ಮಾಡಿದರು. ಎಳೆದಾಟ ಕಂಡ ಸಾಲಿನಲ್ಲಿ ಒಂದನ್ನೇ ನೋಡಿ ಮುಚ್ಚುವುದು ಅರೆಬರೆ ಕೆಲಸ.

ಸಾಕೆಟ್ಟಿನ ಕೊರಳನ್ನು ಆಲ್ಕೊಹಾಲ್ ಹಚ್ಚಿದ ಹತ್ತಿಕಡ್ಡಿಯಿಂದ ಹತ್ತಿಗೆ ಹಸಿರು ಬರುವುದು ನಿಲ್ಲುವವರೆಗೆ ಉಜ್ಜಿದರು. ಮರಳು ಕಾಗದ, ಹಿತ್ತಾಳೆ ಬೆಳಗುವ ಪುಡಿ ಬೇಡವೇ ಬೇಡ. ಉಳಿದ ನಿಕ್ಕಲ್ಲೂ ಹೋಗಿ ಬರಿ ಹಿತ್ತಾಳೆ ತೇವಕ್ಕೆ ಒಡ್ಡಿಕೊಳ್ಳುತ್ತದೆ. ಟೇಪಿನ ಬಲ ಸಾಕೆಟ್ಟಿನಲ್ಲಿ ಒಂದು ಕಡೆ ಲೇಪ ಆಗಲೇ ಹೋಗಿ ಹಳದಿ ಕಾಣುತ್ತಿತ್ತು. ಅದು ಕೆಲಸ ಮಾಡುತ್ತದೆ, ಆದರೆ ಮುಂದೆ ಮತ್ತೆ ಕಿಲುಬು ಶುರುವಾಗುವುದು ಅಲ್ಲೇ ಎಂದು ಮನೆಯವರಿಗೆ ತೋರಿಸಿಯೇ ಮುಚ್ಚಿದರು.

ಸ್ಪೀಕರ್ ತಂತಿಗಳು ಒತ್ತುಗುಂಡಿಯ ಸ್ಪ್ರಿಂಗ್ ಕ್ಲಿಪ್ಪಿನಲ್ಲಿ ಇದ್ದವು. ಅಲ್ಲೂ ಎಳೆಗಳು ಹಸಿರುಗಟ್ಟಿ ಕಚ್ಚಿಕೊಂಡಿದ್ದವು. ಗುಂಡಿಯನ್ನು ಪೂರ್ತಿ ಒತ್ತಿ ಹಿಡಿದು ತಂತಿಯನ್ನು ಮೊದಲು ಒಂದು ಮಿಲಿಮೀಟರ್ ಒಳಕ್ಕೆ ತಳ್ಳಿ, ಆಮೇಲೆ ಹೊರಕ್ಕೆ ತೆಗೆದರೆ ಎಳೆ ಮುರಿಯುವುದಿಲ್ಲ. ಮುರಿದ ಒಂದು ಎಳೆ ಪ್ಲಸ್ ಮೈನಸ್ ನಡುವೆ ಅಡ್ಡ ಬಿದ್ದರೂ ಆನ್ ಮಾಡಿದಾಗ ಔಟ್‌ಪುಟ್ ಟ್ರಾನ್ಸಿಸ್ಟರ್ ಸುಡಬಹುದು, ಹಾಗಾಗಿ ಟಾರ್ಚಿನಲ್ಲಿ ನೋಡಿ ಚಿಮಟಿಗೆಯಿಂದ ಹೆಕ್ಕಬೇಕು. ತಂತಿಯನ್ನು ಹೊಳೆಯುವ ತಾಮ್ರ ಕಾಣುವವರೆಗೆ ಕತ್ತರಿಸಿದರು. ಒಂದರಲ್ಲಿ ಒಂದು ಗೇಣು ಒಳಗೂ ಕಪ್ಪಾಗಿದ್ದರಿಂದ 1.5 ಚದರ ಮಿಲಿಮೀಟರಿನ ಹೊಸ ತಂತಿ ಹಾಕಿಸಬೇಕಾಯಿತು.

ಬೇರೆ ಕನೆಕ್ಟರ್‌ಗಳ ಬಗ್ಗೆ ಎರಡು ಮಾತು, ಏಕೆಂದರೆ ಕೇಳುವವರು ಅವನ್ನೂ ಕೇಳುತ್ತಾರೆ. ಮೈಕಿನ ಎಕ್ಸ್‌ಎಲ್‌ಆರ್ ಸಾಕೆಟ್ಟಿನಲ್ಲಿ ಸಣ್ಣ ಲೋಹದ ನಾಲಗೆ ಇದ್ದರೆ ಅದನ್ನು ಒತ್ತಿ ಹಿಡಿದೇ ಎಳೆಯಬೇಕು. ನಾಲಗೆ ಧೂಳಿನಿಂದ ಜಡ್ಡುಗಟ್ಟಿದ್ದರೆ ಪ್ಲಗ್ಗನ್ನು ಮೊದಲು ಒಳಕ್ಕೆ ಒತ್ತಿ ಆಮೇಲೆ ನಾಲಗೆ ಒತ್ತಿದರೆ ಕೊಕ್ಕೆ ಬಿಡುತ್ತದೆ. ವೇದಿಕೆಯ ದೊಡ್ಡ ಸ್ಪೀಕರುಗಳ ಸ್ಪೀಕಾನ್ ಪ್ಲಗ್ಗಿಗೆ ಅದರ ಮೇಲಿನ ಚಿಲಕವನ್ನು ಹಿಂದಕ್ಕೆ ಎಳೆದು ಎಡಕ್ಕೆ ತಿರುಗಿಸಬೇಕು. ಹೆಡ್‌ಫೋನಿನ 3.5 ಮಿಲಿಮೀಟರ್ ಪ್ಲಗ್ಗಿನ ತುದಿ ಒಳಗೇ ಮುರಿದಿದ್ದರೆ ಬಾಯಿಯಿಂದ ಕೆದಕಬೇಡಿ. ಕೆದಕಿದಷ್ಟೂ ತುದಿ ಆಳಕ್ಕೆ ಹೋಗಿ ಸ್ಪ್ರಿಂಗ್ ಬಗ್ಗುತ್ತದೆ, ಉಪಕರಣ ಬಿಚ್ಚಿ ಹಿಂದಿನಿಂದ ತಳ್ಳುವುದು ಮೇಲು.

ಪರೀಕ್ಷೆ ಮತ್ತು ಮುಂದಿನ ಜೋಡಣೆ

ಮೀಟರಿನ ಎರಡು ಕಡ್ಡಿ ಒಂದಕ್ಕೊಂದು ತಾಗಿಸಿದಾಗ ಬರುವ ಅಂಕಿಯನ್ನು ಕಳೆದು, ಪ್ರತಿ ಸಾಕೆಟ್ಟಿನ ಕೊರಳಿನಿಂದ ಬೋರ್ಡಿನ ಗ್ರೌಂಡಿಗೆ ಅಳೆದದ್ದು 0.1 ಓಮ್ ಆಸುಪಾಸು. ಬೇರೆ ಕೇಬಲ್ಲಿನ ಪ್ಲಗ್ ಹಾಕಿ ಸ್ವಲ್ಪ ತಿರುಗಿಸಿದಾಗಲೂ ಅಂಕಿ ಕುಣಿಯಲಿಲ್ಲ. ಕುಣಿದರೆ ಬೆಸುಗೆಯೋ ಕೊರಳಿನ ರಿವೆಟ್ಟೋ ಇನ್ನೂ ಸಡಿಲಿದೆ ಎಂದು ತಿಳಿಯಬೇಕು.

ದ್ರವ ಪೂರ್ತಿ ಆರಲೆಂದು ರಾತ್ರಿಯೆಲ್ಲ ಮುಚ್ಚಳ ತೆರೆದು ಬಿಟ್ಟು, ಮರುದಿನ 60 ವಾಟ್‌ನ ಸೀರೀಸ್ ಬಲ್ಬಿನ (ಕರೆಂಟಿನ ದಾರಿಯಲ್ಲೇ ಸೇರಿಸಿ ಅದನ್ನು ಮಿತಿಯಲ್ಲಿಡುವ ಬಲ್ಬಿನ) ಮೂಲಕ ಆನ್ ಮಾಡಿದರು. ಬಲ್ಬು ಒಮ್ಮೆ ಬೆಳಗಿ ಮಂಕಾಯಿತು. ಬೆಳಗಿಯೇ ಉಳಿದಿದ್ದರೆ ಒಳಗೆ ಶಾರ್ಟ್ ಇದೆ ಎಂದು ತಕ್ಷಣ ಆರಿಸಬೇಕಿತ್ತು. ಬಲ್ಬು ತೆಗೆದು, ಸ್ಪೀಕರ್ ಜೋಡಿಸದೆ ಔಟ್‌ಪುಟ್‌ನಲ್ಲಿ ಡಿಸಿ ಅಳೆದಾಗ ಎಡಕ್ಕೆ 12, ಬಲಕ್ಕೆ 18 ಮಿಲಿವೋಲ್ಟ್. 50ರ ಒಳಗಿದ್ದರೆ ನಿಶ್ಚಿಂತೆ. ಆಮೇಲೆ ಸ್ಪೀಕರ್, ವಾಲ್ಯೂಮ್ ಪೂರ್ತಿ ಕೆಳಗಿಂದ ನಿಧಾನಕ್ಕೆ ಮೇಲೆ. ನಾಲ್ಕೂ ಸಾಕೆಟ್ಟಿನಲ್ಲಿ ಎರಡೂ ಕಡೆ ಸಮ ಧ್ವನಿ ಬಂತು, ಗುಂಯ್‌ಗುಡುವಿಕೆ ಇರಲಿಲ್ಲ.

ಹೊಸ ಕೇಬಲ್ಲು ಆರಿಸುವಾಗ ಬೀಗದ ಪ್ಲಗ್ಗನ್ನು ಬಿಟ್ಟು, ದಳಗಳಿರುವ ಹಗುರ ಹೊರಬಳೆಯ, ಸೀಳಿಲ್ಲದ ಪಿನ್ನಿನ ಪ್ಲಗ್ ಇರುವುದನ್ನು ತಂದರು. ಎರಡು ಬೆರಳಲ್ಲಿ ಹಾಕಿ ಎರಡು ಬೆರಳಲ್ಲಿ ತೆಗೆಯಲು ಬರಬೇಕು. ಅಷ್ಟು ಹಿಡಿತ ಮನೆಯ ಉಪಕರಣಕ್ಕೆ ಧಾರಾಳ. ಸಿಡಿ ಪ್ಲೇಯರಿನ ಬೀಗದ ಕೇಬಲ್ಲು ಚೆನ್ನಾಗಿಯೇ ಇತ್ತು, ಅದನ್ನೇ ಮತ್ತೆ ಬಳಸುವೆವೆಂದು ಮನೆಯವರು ಹೇಳಿದ್ದರಿಂದ ತಿರುಪು ಸ್ವಚ್ಛ ಮಾಡಿ, ಬೆರಳ ಬಲದಷ್ಟು ಮಾತ್ರ ಬಿಗಿದು, ತೋಳಿನ ಮೇಲೆ ಬಿಚ್ಚುವ ದಿಕ್ಕಿನ ಬಾಣದ ಗುರುತು ಬರೆದ ಕಾಗದದ ಟೇಪು ಸುತ್ತಿದರು. ಜೋಡಿಸುವ ಮುಂಚೆ ಪ್ರತಿ ಕೊರಳಿಗೂ ಹತ್ತಿಕಡ್ಡಿಯಲ್ಲಿ ಕಾಂಟ್ಯಾಕ್ಟ್ ಕ್ಲೀನರಿನ ತೆಳು ಸವರು. ಬಳಸದ ಎರಡು ಸಾಕೆಟ್‌ಗಳಿಗೆ ಪ್ಲಾಸ್ಟಿಕ್ ಟೋಪಿ.

ಕಪಾಟು ಈಗ ಗೋಡೆಯಿಂದ ನಾಲ್ಕು ಬೆರಳು ಈಚೆಗಿದೆ. ವರ್ಷಕ್ಕೆರಡು ಸಲ, ಮೇ ಕೊನೆಯಲ್ಲಿ ಮಳೆ ಹಿಡಿಯುವ ಮುಂಚೆ ಮತ್ತು ದಸರೆ ಕಳೆದ ಮೇಲೆ, ಎಲ್ಲದರ ಕರೆಂಟು ತೆಗೆದು, ಬೀಗ ಇದ್ದದ್ದನ್ನು ಸಡಿಲಿಸಿ, ಪ್ರತಿ ಪ್ಲಗ್ಗನ್ನೂ ಅರ್ಧ ಸುತ್ತು ತಿರುಗಿಸಿ ಮತ್ತೆ ಕೂರಿಸಲು ಮನೆಯವರಿಗೆ ತೋರಿಸಿಕೊಟ್ಟಿದ್ದಾರೆ. ಟೇಪಿನ ಬಲ ಸಾಕೆಟ್ಟಿನ ಲೇಪ ಹೋದ ಜಾಗದಲ್ಲಿ ಹಸಿರು ಚುಕ್ಕೆ ಕಂಡರೆ ಆ ಸಲವೇ ಹತ್ತಿಕಡ್ಡಿಯಿಂದ ಒರೆಸಬೇಕು. ಚುಕ್ಕೆ ಮತ್ತೆ ಮತ್ತೆ ಬರತೊಡಗಿದರೆ ಟೇಪ್ ಡೆಕ್ಕನ್ನು ಖಾಲಿ ಇರುವ ಎರಡನೆಯ ಟೇಪ್ ಸಾಕೆಟ್ ಜೋಡಿಗೆ ಬದಲಿಸಿ, ಈ ಜೋಡಿಗೆ ಟೋಪಿ ಹಾಕಿಬಿಡುವುದು.